ಪರಿಸರಕ್ಕೆ ಹಗುರಾಗೋ ರೇಜರ್ ಆರಿಸೋದು, ಒಂದೇ ಬ್ಲೇಡನ್ನ ಜಾಸ್ತಿ ದಿನ ಬಾಳಿಸೋದು ಹೇಗೆ

ಹೊಸ ರೇಜರ್ ತಗೋಳೋಕೆ ಹೊರಡೋ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಈಗ ಬಳಸ್ತಿರೋ ರೇಜರನ್ನ ಕಿಟಕಿ ಬೆಳಕಿಗೆ ಹಿಡ್ಕೊಂಡು ಅದ್ರಲ್ಲಿ ಏನೇನು ಸೇರ್ಕೊಂಡಿದೆ ಅಂತ ಎಣಿಸ್ತಾ ಹೋಗಿ. ನಾಲ್ಕೈದು ಬ್ಲೇಡಿನ ಕಾರ್ಟ್ರಿಡ್ಜ್ (ಹಿಡಿಯಿಂದ ಕಳಚಿ ಬದಲಾಯಿಸೋ ತಲೆ) ಆದ್ರೆ ತೆಳ್ಳಗಿನ ಉಕ್ಕಿನ ಪಟ್ಟಿಗಳು, ಅವನ್ನ ಹಿಡಿದಿಟ್ಟಿರೋ ಪ್ಲಾಸ್ಟಿಕ್ ಚೌಕಟ್ಟು, ಎರಡು ತುದೀಲೂ ಮಡಚಿರೋ ಲೋಹದ ಕ್ಲಿಪ್ಪು, ಕೆಳಗಡೆ ರಬ್ಬರಿನ ಗೆರೆಗೆರೆ, ಮೇಲ್ಗಡೆ ನೀರು ಬಿದ್ರೆ ಲೋಳೆಲೋಳೆ ಆಗೋ ಒಂದು ಪಟ್ಟಿ, ಇಷ್ಟೂ ಎರಡು ಬೆರಳಗಲದ ಜಾಗದಲ್ಲಿ ಒಂದಕ್ಕೊಂದು ಬಿಗಿದು ಕೂತಿರತ್ತೆ. ಇದನ್ನ ಬಿಡಿಸಿ ಉಕ್ಕು ಬೇರೆ ಪ್ಲಾಸ್ಟಿಕ್ ಬೇರೆ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ, ಮಾಡೋಕೆ ಕೂತ್ರೆ ಕೈ ಕುಯ್ಯತ್ತೆ, ಮಾಮೂಲಿ ಮರುಬಳಕೆ ಘಟಕದ ಮಷೀನಿಗೂ ಇಷ್ಟು ಚಿಕ್ಕ ಕಲಸುಮೇಲೋಗರ ಸಾಮಾನು ಬೇಡ, ಹಂಗಾಗಿ ಅದು ಸೀದಾ ಕಸದ ಗುಡ್ಡೆಗೆ.

ಈಗ ಇದ್ರಲ್ಲಿ ಕೆಟ್ಟೋಗಿರೋದು ಏನು ಅಂತ ಯೋಚ್ನೆ ಮಾಡಿ. ಉಕ್ಕಿನ ಅಂಚು ಮಾತ್ರ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಭಾಗ. ಉಳಿದ ಪ್ಲಾಸ್ಟಿಕ್ಕು ರಬ್ಬರು ಕ್ಲಿಪ್ಪು ಎಲ್ಲಾ ಚೆನ್ನಾಗೇ ಇದೆ, ಆದ್ರೂ ಅಂಚಿನ ಜೊತೆ ಅದೂ ಹೋಗತ್ತೆ. ನಾನು ರೇಜರ್ ಆರಿಸೋದು ಈ ಒಂದೇ ಲೆಕ್ಕದ ಮೇಲೆ: ಮೊಂಡಾಗಿದ್ದನ್ನ ಮಾತ್ರ ಬಿಸಾಕೋ ಹಾಗಿರ್ಬೇಕು, ಮೊಂಡಾಗದೇ ಇರೋದು ಮನೇಲೇ ಉಳೀಬೇಕು. ಪ್ಯಾಕೆಟ್ ಮೇಲೆ ಎಲೆ ಚಿತ್ರ ಇದ್ಯಾ, ಹಸಿರು ಬಣ್ಣ ಇದ್ಯಾ ಅನ್ನೋದೆಲ್ಲಾ ಆಮೇಲೆ.

ಯಾವ ರೇಜರ್ ತಗೋಬೇಕು

ಈ ಲೆಕ್ಕಕ್ಕೆ ಸರಿಯಾಗಿ ಹೊಂದೋದು ಹಳೇ ಕಾಲದ ಲೋಹದ ಸೇಫ್ಟಿ ರೇಜರ್, ಎರಡೂ ಕಡೆ ಹರಿತ ಇರೋ ಒಂಟಿ ಬ್ಲೇಡು ಹಾಕೋದು. ಕಿಂಗ್ ಕ್ಯಾಂಪ್ ಜಿಲೆಟ್ ಇದನ್ನ ಮಾರೋಕೆ ಶುರು ಮಾಡಿದ್ದು 1903ರಲ್ಲಿ, ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಹಿಡಿ ಇಟ್ಕೊಂಡು ಬ್ಲೇಡು ಮಾತ್ರ ಬದಲಾಯಿಸೋ ಆ ಏರ್ಪಾಟು ಅವತ್ತಿಂದ ಇವತ್ತಿನವರೆಗೂ ಹೆಚ್ಚುಕಮ್ಮಿ ಹಂಗೇ ಇದೆ, ಅದಕ್ಕೇ ಎಷ್ಟೋ ಹಳೇ ರೇಜರ್‌ಗೆ ಇವತ್ತಿನ ಬ್ಲೇಡು ಸರಿಯಾಗಿ ಕೂರತ್ತೆ. ಆಮೇಲೆ 1971ರಲ್ಲಿ ಎರಡು ಬ್ಲೇಡಿನ ಕಾರ್ಟ್ರಿಡ್ಜ್ ಬಂತು, 1975ರಲ್ಲಿ ಬಿಕ್ ಕಂಪನಿ ಪೂರ್ತಿ ಪ್ಲಾಸ್ಟಿಕ್ಕಿನ ಯೂಸ್ ಅಂಡ್ ಥ್ರೋ ತಂತು, 1998ರಲ್ಲಿ ಮೂರು ಬ್ಲೇಡು, 2006ರ ಹೊತ್ತಿಗೆ ಐದು. ಬ್ಲೇಡು ಒಂದೊಂದು ಜಾಸ್ತಿ ಆದ ಹಾಗೂ ಅದನ್ನ ಹಿಡ್ಕೊಳ್ಳೋ ಪ್ಲಾಸ್ಟಿಕ್ಕೂ ಜಾಸ್ತಿ ಆಯ್ತು.

ಸೇಫ್ಟಿ ರೇಜರಿನ ಬ್ಲೇಡು ಅಂದ್ರೆ ಸುಮ್ನೆ ಒಂದು ಉಕ್ಕಿನ ತಗಡು, ದಪ್ಪ 0.1 ಮಿಲಿಮೀಟರ್, ಒಂದು ಒರಟು ಗಡ್ಡದ ಕೂದಲಿನ ದಪ್ಪಕ್ಕೆ ಹತ್ತತ್ರ ಸಮ. ತೂಕ ಒಂದು ಗ್ರಾಂ ಕೂಡ ಇರಲ್ಲ. ವಾರಕ್ಕೊಂದು ಬದಲಾಯಿಸಿದ್ರೂ ವರ್ಷಕ್ಕೆ 52 ಬ್ಲೇಡು, ಎಲ್ಲಾ ಒಟ್ಟು ತೂಗಿದ್ರೆ 40 ಗ್ರಾಂ ಮುಟ್ಟಲ್ಲ, ಅದೂ ಕರಗಿಸಿ ಮತ್ತೆ ಬಳಸಬಹುದಾದ ಲೋಹ. ಜೊತೆಗೆ ಹೋಗೋದು ಸುತ್ತಿರೋ ಕಾಗದ, ಚಿಕ್ಕ ರಟ್ಟಿನ ಡಬ್ಬಿ ಅಷ್ಟೇ. ಪ್ಲಾಸ್ಟಿಕ್ ಡಬ್ಬೀಲಿ ಬರೋ ಬ್ಲೇಡೂ ಇವೆ, ರಟ್ಟಿನದು ಸಿಗೋವಾಗ ಅದನ್ನ ಬಿಟ್ಬಿಡಿ.

ಹಿಡಿ ಯಾವ ಲೋಹದ್ದು ಅಂತ ನೋಡೋದು ಮುಖ್ಯ, ತುಂಬಾ ಜನ ಇಲ್ಲೇ ಎಡವೋದು. ನೋಡೋಕೆ ಫಳಫಳ ಅನ್ನೋ ಬಹಳಷ್ಟು ರೇಜರ್‌ಗಳು ಝಮಾಕ್ ಅನ್ನೋ ಸತುವಿನ ಮಿಶ್ರಲೋಹದಲ್ಲಿ ಅಚ್ಚು ಹೊಯ್ದು ಮೇಲೆ ಕ್ರೋಮ್ ಲೇಪ ಕೊಟ್ಟಿದ್ದು, ಲೇಪ ಇರೋವರೆಗೂ ಚೆನ್ನಾಗೇ ಕೆಲಸ ಮಾಡತ್ತೆ, ಆದ್ರೆ ಕೆಳಗೆ ಬಿದ್ದೋ ತಿರುಪಿನ ಹತ್ರ ಸವೆದೋ ಲೇಪ ಎದ್ರೆ ಒಳಗಿನ ಲೋಹ ನೀರಿಗೆ ಕೊರೆದು ಹೋಗತ್ತೆ, ಒಂದಿನ ತಿರುಪೇ ಮುರಿಯತ್ತೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಹಿಡಿ ಮೊದಲಿಗೆ ಜಾಸ್ತಿ ದುಡ್ಡು ಕೇಳತ್ತೆ ನಿಜ, ಆದ್ರೆ ಅದನ್ನ ಮಕ್ಕಳಿಗೆ ಕೊಟ್ಟು ಹೋಗಬಹುದು. ಇನ್ನೂ ಒಳ್ಳೇದು, ಮನೇಲಿ ಅಜ್ಜನ ಪೆಟ್ಟಿಗೇಲೋ ಮಾವನ ಬೀರುವಿನಲ್ಲೋ ಹಳೇ ರೇಜರ್ ಇದ್ಯಾ ಹುಡುಕಿ. ಬಿಸಿ ನೀರು, ಸೋಪು, ಹಳೇ ಟೂತ್‌ಬ್ರಶ್ಶು ಇಷ್ಟಿದ್ರೆ ಐವತ್ತು ವರ್ಷದ ಕೊಳೆ ಬಿಡತ್ತೆ. ಹೊಸ ಲೋಹ ಅಗೆಯದೇ ಸಿಕ್ಕಿದ ರೇಜರ್‌ಗಿಂತ ಪರಿಸರಕ್ಕೆ ಹಗುರಾದ್ದು ಇನ್ನೊಂದಿಲ್ಲ.

ಬಿದಿರಿನ ಹಿಡಿ ಅಂತ ಬರೋದ್ರ ಬಗ್ಗೆ ಹುಷಾರು. ಹಿಡಿ ಬಿದಿರು, ತಲೆ ಮಾತ್ರ ಅದೇ ಪ್ಲಾಸ್ಟಿಕ್ ಕಾರ್ಟ್ರಿಡ್ಜ್ ಆಗಿದ್ರೆ ಏನೂ ಬದಲಾಗಿಲ್ಲ, ಯಾಕಂದ್ರೆ ಪದೇ ಪದೇ ಎಸೆಯೋದು ತಲೇನೇ ಹೊರತು ಹಿಡೀನಲ್ಲ. ಬಿದಿರಿನ ಸೇಫ್ಟಿ ರೇಜರ್ ಆದ್ರೆ ಸರಿ, ಆದ್ರೂ ಬಾತ್‌ರೂಮಿನ ಒದ್ದೇಲಿ ಬಿದಿರು ಬಿರುಕು ಬಿಡೋ ಸಾಧ್ಯತೆ ಇದೆ, ಒಣಗಿಸಿ ಇಡ್ಬೇಕು. ಬಯೋಡಿಗ್ರೇಡಬಲ್ ಪ್ಲಾಸ್ಟಿಕ್ ಅಂತ ಬರೆದಿರೋದನ್ನೂ ಹಂಗೇ ನಂಬ್ಬೇಡಿ, ಪಿಎಲ್‌ಎ ಥರದ, ಗಿಡದ ಪಿಷ್ಟದಿಂದ ಮಾಡೋ ಪ್ಲಾಸ್ಟಿಕ್ ಕೊಳೀಬೇಕಂದ್ರೆ 60 ಡಿಗ್ರಿ ಹತ್ತಿರದ ಬಿಸಿ ಇರೋ ದೊಡ್ಡ ಕಾಂಪೋಸ್ಟ್ ಘಟಕ ಬೇಕು, ಹಿತ್ತಲಿನ ಗೊಬ್ಬರದ ಗುಂಡೀಲಿ ಹಾಕಿದ್ರೆ ವರ್ಷಗಟ್ಟಲೆ ಹಂಗೇ ಬಿದ್ದಿರತ್ತೆ.

ಕ್ಷೌರದ ಕತ್ತಿ, ಅಂದ್ರೆ ಮಡಚೋ ಉದ್ದ ಕತ್ತಿ, ಎಸೆಯೋದೇ ಏನೂ ಇರಲ್ಲ. ಚರ್ಮದ ಪಟ್ಟಿ ಮೇಲೆ ಪ್ರತಿಸಲ ತೀಡ್ಬೇಕು, ಆಗಾಗ ಕಲ್ಲಿನ ಮೇಲೆ ಮಸೀಬೇಕು, ಕೈ ಕೂರೋಕೆ ತಿಂಗಳುಗಟ್ಟಲೆ ಬೇಕು. ಆ ತಾಳ್ಮೆ ಇರೋರಿಗೆ ಅದೇ ಶ್ರೇಷ್ಠ. ಎಲೆಕ್ಟ್ರಿಕ್ ಶೇವರ್ ಈಗಾಗ್ಲೇ ಮನೇಲಿದ್ರೆ ಅದನ್ನೇ ಬಾಳಿಸಿ, ಬರೀ ತಲೆಭಾಗ ಬದಲಾಯಿಸೋಕೆ ಸಿಗತ್ತೆ, ಆದ್ರೆ ಅದ್ರಲ್ಲಿ ಬ್ಯಾಟರಿ ಇರೋದ್ರಿಂದ ಕೊನೆಗೆ ಇ-ಕಸಕ್ಕೆ ಕೊಡ್ಬೇಕು, ಮಾಮೂಲಿ ಕಸಕ್ಕಲ್ಲ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಕೈ ನಡುಗೋರು, ಗಾಯ ಬೇಗ ಮಾಯದೇ ಇರೋರು ಸೇಫ್ಟಿ ರೇಜರ್ ಕಲಿಯೋಕೆ ಹೋಗೋದಕ್ಕಿಂತ ಈ ಶೇವರೇ ವಾಸಿ, ಪರಿಸರ ಅಂತ ಮೈ ಕುಯ್ಕೊಳ್ಳೋದು ಬೇಡ.

ಇನ್ನೊಂದು ಮಾತು, ಇದನ್ನ ಓದಿ ಇವತ್ತೇ ಮನೇಲಿರೋ ಕಾರ್ಟ್ರಿಡ್ಜ್ ಎಲ್ಲಾ ಎತ್ತಿ ಬಿಸಾಕಬೇಡಿ. ಅದು ತಯಾರಾಗಿ ಬಂದಾಯ್ತು, ಅದಕ್ಕೆ ಖರ್ಚಾಗಿದ್ದು ಆಗಿಹೋಯ್ತು. ಕೊನೇದು ಮುಗಿಯೋವರೆಗೂ ಕೆಳಗೆ ಹೇಳಿರೋ ಹಾಗೆ ಬಾಳಿಸಿ, ಆಮೇಲೆ ಬದಲಾಯಿಸಿ.

ಬ್ಲೇಡು ಆರಿಸೋದು

ರೇಜರ್ ಒಂದ್ಸಲ ತಗೊಂಡ್ರೆ ಮುಗೀತು, ಬ್ಲೇಡು ಮಾತ್ರ ನಿಮ್ಮ ಕೂದಲಿಗೆ ಹೊಂದೋದನ್ನೇ ಹುಡುಕ್ಬೇಕು. ಇವತ್ತು ಸಿಗೋ ಹೆಚ್ಚಿನವು ಸ್ಟೇನ್‌ಲೆಸ್ ಸ್ಟೀಲು, ಸುಮಾರು 13 ಪರ್ಸೆಂಟ್ ಕ್ರೋಮಿಯಂ ಇರತ್ತೆ, ತುಕ್ಕು ತಡೆಯೋದು ಅದೇ. ಅಂಚಿಗೆ ಮೇಲಿಂದ ಕ್ರೋಮಿಯಂ ಇಲ್ಲಾ ಪ್ಲಾಟಿನಂ ಥರದ ಗಟ್ಟಿ ಲೇಪ, ಅದರ ಮೇಲೆ ಜಾರಲಿ ಅಂತ ಪಿಟಿಎಫ್‌ಇ, ಅಂದ್ರೆ ನಾನ್‌ಸ್ಟಿಕ್ ತವಾಗೆ ಹಾಕೋ ಅದೇ ವಸ್ತು, ತುಂಬಾ ತೆಳ್ಳಗೆ ಕೊಟ್ಟಿರ್ತಾರೆ. ಲೇಪ ಇಲ್ದಿರೋ ಕಾರ್ಬನ್ ಸ್ಟೀಲು ಒಂದು ರಾತ್ರಿ ಒದ್ದೆ ಇದ್ರೆ ಕಂದು ಕಲೆ ಬೀಳತ್ತೆ, ಜಾಸ್ತಿ ದಿನ ಬರ್ಬೇಕು ಅನ್ನೋರಿಗೆ ಅದು ಬೇಡ. ಒಂದೇ ಸಲ ನೂರರ ಕಟ್ಟು ತಗೋಬೇಡಿ, ಮೂರ್ನಾಲ್ಕು ಬಗೆಯದು ಚಿಕ್ಕ ಪ್ಯಾಕೆಟ್ ತಗೊಂಡು ನೋಡಿ, ಒಬ್ಬರ ಮುಖಕ್ಕೆ ಬೆಣ್ಣೆ ಹಾಗೆ ಹೋಗೋದು ಇನ್ನೊಬ್ಬರಿಗೆ ಉರಿ ತರತ್ತೆ. ಹೊಂದ್ದೇ ಇರೋ ಬ್ಲೇಡು ಒಂದೇ ಶೇವಿಂಗ್‌ಗೆ ಎಸೆಯೋ ಹಾಗಾದ್ರೆ ಅಲ್ಲಿಗೆ ಎಲ್ಲಾ ಲೆಕ್ಕ ಹಾಳು.

ಕಾಲು, ಕಂಕುಳ ಶೇವ್ ಮಾಡ್ಕೊಳ್ಳೋರು ಸೇಫ್ಟಿ ರೇಜರ್ ಗಂಡಸರ ಸಾಮಾನು ಅಂತ ಬಿಡ್ಬೇಡಿ. ಉದ್ದ ಹಿಡಿ ಇರೋದು ತಗೊಳ್ಳಿ, ಕೈ ಜಾರಲ್ಲ. ಮೊಣಕಾಲಿನ ಚಿಪ್ಪು, ಹರಡಿನ ಹತ್ರ ಚರ್ಮದ ಕೆಳಗೇ ಮೂಳೆ, ಅಲ್ಲಿ ಒಂದೊಂದಿಂಚೇ ಎಳೀರಿ. ಕಂಕುಳಲ್ಲಿ ಕೂದಲು ಮೂರ್ನಾಲ್ಕು ದಿಕ್ಕಿಗೆ ಬೆಳೆದಿರತ್ತೆ, ತೋಳನ್ನ ಪೂರ್ತಿ ಮೇಲೆತ್ತಿ ಚರ್ಮ ಬಿಗಿ ಮಾಡ್ಕೊಂಡು ದಿಕ್ಕು ಬದಲಾಯಿಸ್ತಾ ಹೋಗ್ಬೇಕು.

ಬ್ಲೇಡು ಮೊಂಡಾಗೋದು ಯಾಕೆ

ಇದು ಗೊತ್ತಾದ್ರೆ ಬಾಳಿಸೋದು ಅರ್ಧ ಗೊತ್ತಾದ ಹಾಗೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ತೀನಿ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಹಂಗಿದ್ಮೇಲೆ ಮೆತ್ತಗಿರೋದು ಗಟ್ಟಿ ಇರೋದನ್ನ ಹೇಗೆ ಹಾಳು ಮಾಡತ್ತೆ? ಇದೇ ಪ್ರಶ್ನೆ ಹಿಡ್ಕೊಂಡು ಅಮೆರಿಕದ ಎಂಐಟಿಯ ಸಂಶೋಧಕರು ಕೂತಿದ್ರು, 2020ರಲ್ಲಿ ಸೈನ್ಸ್ ಪತ್ರಿಕೇಲಿ ಅದು ಬಂತು. ಜಾನ್‌ಲೂಕಾ ರೋಶಿಯೋಲಿ ಅನ್ನೋರು ತಮ್ಮದೇ ಗಡ್ಡ ಶೇವ್ ಮಾಡಿ ಆ ಬ್ಲೇಡನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿಟ್ಟು ನೋಡಿದ್ರೆ, ಅಂಚು ಉಜ್ಜಿ ಉಜ್ಜಿ ದುಂಡಗಾಗಿದ್ದಕ್ಕಿಂತ ಅಲ್ಲಲ್ಲಿ ಚಕ್ಕೆ ಎದ್ದು ಹೋಗಿದ್ದೇ ಕಂಡಿದ್ದು. ಕೂದಲು ಸೀದಾ ನಿಲ್ದೆ ಬಾಗಿ ಓರೆಯಾಗಿ ಬ್ಲೇಡಿಗೆ ಸಿಕ್ಕಾಗ, ಉಕ್ಕಿನ ಒಳರಚನೆ ಎಲ್ಲಿ ಒಂದೇ ಸಮ ಇಲ್ವೋ ಅಲ್ಲಿ ಒತ್ತಡ ಸೇರ್ಕೊಂಡು ಸಣ್ಣ ಚಕ್ಕೆ ಹಾರತ್ತೆ. ಒಂದು ಚಕ್ಕೆ ಎದ್ರೆ ಆ ಜಾಗದಲ್ಲಿ ಇನ್ನೊಂದು ಏಳೋದು ಸುಲಭ.

ಇದನ್ನ ನೀವೂ ಮನೇಲಿ ಹೆಚ್ಚುಕಮ್ಮಿ ನೋಡ್ಬಹುದು. ಐದಾರು ಸಲ ಬಳಸಿದ ಬ್ಲೇಡನ್ನ ರೇಜರಲ್ಲೇ ಇಟ್ಕೊಂಡು, ಕಿವಿಗೆ ಹಾಕೋ ಹತ್ತಿ ಕಡ್ಡಿ ತಗೊಂಡು, ಬ್ಲೇಡಿನ ಬೆನ್ನಿಂದ ಅಂಚಿನ ಕಡೆಗೆ ಹಗೂರಾಗಿ ಸವರಿ ಆಚೆ ಬಿಡಿ, ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಹಂಗೇ ಮಾಡ್ತಾ ಹೋಗಿ. ಹೊಸ ಬ್ಲೇಡಲ್ಲಿ ಹತ್ತಿ ನುಣ್ಣಗೆ ಜಾರಿ ಹೋಗತ್ತೆ. ಹಳೇದ್ರಲ್ಲಿ ಒಂದೆರಡು ಕಡೆ ಎಳೆ ಸಿಕ್ಕಾಕೊಂಡು ಅಂಚಿನ ಮೇಲೆ ಬಿಳಿ ನೂಲು ಅಲ್ಲಾಡ್ತಾ ನಿಂತಿರತ್ತೆ. ಅದೇ ಚಕ್ಕೆ ಎದ್ದಿರೋ ಜಾಗ. ನಾನು ಮೊದಲ ಸಲ ನೋಡಿದಾಗ ನೂಲು ಸಿಕ್ಕಿದ್ದೆಲ್ಲಾ ಬ್ಲೇಡಿನ ಒಂದೇ ಪಕ್ಕದಲ್ಲಿ, ಇನ್ನೊಂದು ಪಕ್ಕ ಹೊಸದರ ಹಾಗೇ ಇತ್ತು, ಯಾಕಂದ್ರೆ ಅಭ್ಯಾಸಬಲದಿಂದ ರೇಜರನ್ನ ತಿರುಗಿಸದೇ ಒಂದೇ ಕಡೆಯಿಂದ ಮುಖ ಪೂರ್ತಿ ಮಾಡ್ತಿದ್ದೆ. ಅವತ್ತಿಂದ ನಾಲ್ಕು ಎಳೆತಕ್ಕೊಮ್ಮೆ ರೇಜರ್ ತಿರುಗಿಸ್ತೀನಿ, ಬರೀ ಅಷ್ಟಕ್ಕೇ ಒಂದು ಬ್ಲೇಡಿಗೆ ಎರಡು ಶೇವಿಂಗ್ ಜಾಸ್ತಿ ಬರ್ತಿದೆ.

ತುಕ್ಕು ಎರಡನೇ ಕಾರಣ. ಸ್ಟೇನ್‌ಲೆಸ್ ಅಂದ ತಕ್ಷಣ ತುಕ್ಕೇ ಹಿಡಿಯಲ್ಲ ಅಂತಲ್ಲ, ನೀರು, ಸೋಪು, ಬೆವರಿನ ಉಪ್ಪು ಅಂಚಿನ ಮೇಲೆ ಗಂಟೆಗಟ್ಟಲೆ ಕೂತ್ರೆ ಸಣ್ಣ ಸಣ್ಣ ಗುಳಿ ಬೀಳತ್ತೆ, ಅಷ್ಟು ತೆಳ್ಳಗಿರೋ ಅಂಚಿಗೆ ಅಷ್ಟೇ ಸಾಕು.

ಶೇವ್ ಮಾಡೋವಾಗಲೇ ಬ್ಲೇಡು ಉಳಿಸೋದು

ಕೂದಲನ್ನ ನೆನೆಸಿ. ಇದೊಂದನ್ನ ಸರಿಯಾಗಿ ಮಾಡಿದ್ರೆ ಉಳಿದಿದ್ದು ಅರ್ಧ ತಾನಾಗೇ ಆಗತ್ತೆ. ಒಣ ಕೂದಲನ್ನ ಕತ್ತರಿಸೋಕೆ ಬೇಕಾದ ಬಲಕ್ಕಿಂತ ಎರಡು ಮೂರು ನಿಮಿಷ ಬೆಚ್ಚಗಿನ ನೀರಲ್ಲಿ ನೆನೆದ ಕೂದಲಿಗೆ ಬೇಕಾದ ಬಲ ತುಂಬಾ ಕಮ್ಮಿ. ಸ್ನಾನ ಆದ ಕೂಡ್ಲೇ ಶೇವ್ ಮಾಡೋದು ಒಳ್ಳೇದು, ಇಲ್ಲಾಂದ್ರೆ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ಮುಖದ ಮೇಲೆ ಇಟ್ಕೊಂಡು ಸುಮ್ನೆ ಕೂತ್ಕೊಳ್ಳಿ. ವಾರಗಟ್ಟಲೆ ಬಿಟ್ಟು ಉದ್ದ ಬೆಳೆದಿದ್ರೆ ಮೊದಲು ಕತ್ತರಿಯಲ್ಲೋ ಟ್ರಿಮ್ಮರಲ್ಲೋ ಮೊಟಕು ಮಾಡಿ ಆಮೇಲೆ ಬ್ಲೇಡು ಇಡಿ, ಉದ್ದ ಕೂದಲೇ ಬಾಗಿ ಓರೆಯಾಗೋದು.

ಸೋಪು, ಬ್ರಶ್ಶು ಇದ್ರೆ ಸ್ಪ್ರೇ ಡಬ್ಬಿಯ ಫೋಮ್ ಬೇಕಾಗಿಲ್ಲ. ಆ ಡಬ್ಬಿ ಒಳಗೆ ನೊರೆ ತಳ್ಳೋಕೆ ಬ್ಯೂಟೇನ್, ಪ್ರೊಪೇನ್ ಥರದ ಅನಿಲ ತುಂಬಿರ್ತಾರೆ, ಮುಗಿದ ಮೇಲೆ ಡಬ್ಬಿಯೂ ಕಸ. ಒಂದು ಶೇವಿಂಗ್ ಸೋಪಿನ ಬಿಲ್ಲೆ ಎಷ್ಟೋ ತಿಂಗಳು ಬರತ್ತೆ. ಬ್ರಶ್ಶನ್ನ ನೆನೆಸಿ ಕೊಡವಿ ಬಿಲ್ಲೆ ಮೇಲೆ ಅರ್ಧ ನಿಮಿಷ ತಿರುಗಿಸಿ, ಮುಖದ ಮೇಲೆ ಹನಿ ಹನಿ ನೀರು ಸೇರಿಸ್ತಾ ಉಜ್ಜಿ, ನೊರೆ ಗುಳ್ಳೆಗುಳ್ಳೆ ಆಗದೇ ಮೊಸರಿನ ಹಾಗೆ ದಟ್ಟಗೆ ಹೊಳೀಬೇಕು. ಬ್ರಶ್ಶು ಉಜ್ಜೋವಾಗ ಕೂದಲೂ ಎದ್ದು ನಿಲ್ಲತ್ತೆ, ಬ್ಲೇಡಿಗೆ ಸೀದಾ ಸಿಗತ್ತೆ.

ಸೇಫ್ಟಿ ರೇಜರಿಗೆ ಹೊಸಬರಾದ್ರೆ ಕೋನ ಹಿಡಿಯೋದು ಹೀಗೆ: ರೇಜರಿನ ತಲೆಯ ಮೇಲ್ಭಾಗವನ್ನ ಕೆನ್ನೆಗೆ ಒರಗಿಸಿ, ಹಿಡಿ ಮುಖದಿಂದ ನೇರ ಆಚೆ ಚಾಚಿರ್ಲಿ, ಬ್ಲೇಡು ಇನ್ನೂ ಚರ್ಮಕ್ಕೆ ತಾಗಿರಲ್ಲ. ಈಗ ನಿಧಾನವಾಗಿ ಹಿಡಿಯನ್ನ ಕೆಳಗೆ ಇಳಿಸ್ತಾ ಚೂರು ಚೂರೇ ಎಳೀರಿ. ಒಂದು ಹಂತಕ್ಕೆ ಬಂದಾಗ ಚರ್ ಚರ್ ಅಂತ ಕೂದಲು ಕತ್ತರಿಸೋ ಸದ್ದು ಶುರುವಾಗತ್ತೆ, ಬ್ಲೇಡು ಚರ್ಮಕ್ಕೆ ಹೆಚ್ಚುಕಮ್ಮಿ 30 ಡಿಗ್ರೀಲಿ ನಿಂತಿದೆ ಅಂತ ಅರ್ಥ, ಅಲ್ಲೇ ನಿಲ್ಲಿಸಿ. ಹಿಡಿಯ ತುದೀಲಿ ಬೆರಳು ಇಟ್ಕೊಳ್ಳಿ, ಒತ್ತಬೇಡಿ, ಲೋಹದ ರೇಜರಿನ ಭಾರವೇ ಸಾಕು. ಕಾರ್ಟ್ರಿಡ್ಜಿಂದ ಬಂದೋರಿಗೆ ಒತ್ತೋ ಅಭ್ಯಾಸ ಇರತ್ತೆ, ಮೊದಲ ವಾರ ಗಾಯ ಆಗೋದು ಅದಕ್ಕೇ. ಒಂದು ಕೈಯಲ್ಲಿ ಚರ್ಮ ಎಳೆದು ಬಿಗಿ ಮಾಡಿ, ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೇ ಹೋಗಿ. ಇನ್ನೂ ನುಣುಪು ಬೇಕಾದ್ರೆ ಮತ್ತೆ ನೊರೆ ಹಚ್ಚಿ ಅಡ್ಡಡ್ಡ. ಉಲ್ಟಾ ದಿಕ್ಕಿಗೆ ಎಳೆಯೋದು ದಿನಾ ಬೇಡ, ಚರ್ಮಕ್ಕೂ ಕಷ್ಟ, ಅಂಚಿಗೂ ಕಷ್ಟ. ಗುಂಗುರು ಗಡ್ಡ ಇರೋರಿಗೆ ಕೂದಲು ಚರ್ಮದ ಒಳಗೇ ತಿರುಗಿ ಬೆಳೆದು ಗುಳ್ಳೆ ಆಗತ್ತಲ್ಲ, ಅದು ತುಂಬಾ ಬುಡಕ್ಕೆ ಕತ್ತರಿಸೋದ್ರಿಂದ. ಸಾಲಾಗಿ ನಾಲ್ಕು ಬ್ಲೇಡು ಇದ್ದಾಗ ಮೊದಲನೇದು ಕೂದಲನ್ನ ಎಳೆದು ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸತ್ತೆ, ಹಂಗಾಗಿ ಒಂಟಿ ಬ್ಲೇಡಿಗೆ ಬಂದ ಮೇಲೆ ಈ ಕಾಟ ಕಮ್ಮಿ ಆದೋರು ಬಹಳ ಜನ.

ನಲ್ಲಿ ಬಿಟ್ಕೊಂಡು ಶೇವ್ ಮಾಡ್ಬೇಡಿ. ನಿಮಿಷಕ್ಕೆ 6 ಲೀಟರ್ ಅಂದ್ರೂ 5 ನಿಮಿಷಕ್ಕೆ 30 ಲೀಟರ್ ಬಿಸಿ ನೀರು, ಅಷ್ಟು ನೀರನ್ನ 25 ಡಿಗ್ರಿ ಬಿಸಿ ಏರಿಸೋಕೆ ಹತ್ತತ್ರ 0.9 ಯೂನಿಟ್ ಕರೆಂಟ್ ಬೇಕು. ಒಂದು ಲೀಟರ್ ಮಗ್ಗಲ್ಲಿ ನೀರು ಹಿಡಿದು ಅದ್ರಲ್ಲೇ ರೇಜರ್ ಅದ್ದಿ ಅಲ್ಲಾಡಿಸಿದ್ರೆ ಅದರ ಮೂವತ್ತನೇ ಒಂದು ಭಾಗಕ್ಕೆ ಮುಗೀತು. ಬ್ಲೇಡು ಬಗ್ಗೆ ಇಷ್ಟು ತಲೆ ಕೆಡಿಸ್ಕೊಂಡು ನಲ್ಲಿ ತೆರೆದಿಟ್ರೆ ಉಳಿಸಿದ್ದೆಲ್ಲಾ ಮೋರಿಗೆ ಹೋದ ಹಾಗೆ, ನನ್ನ ಪ್ರಕಾರ ಇಡೀ ಬರಹದಲ್ಲಿ ಇವತ್ತೇ ಶುರು ಮಾಡ್ಬೇಕಾದ್ದು ಇದು. ನೊರೆ ತುಂಬ್ಕೊಂಡಾಗ ರೇಜರನ್ನ ಸಿಂಕಿನ ಅಂಚಿಗೆ ಟಕ್ ಟಕ್ ಅಂತ ಕುಟ್ಟೋದನ್ನೂ ಬಿಡಿ, ನೀರಲ್ಲಿ ಅಲ್ಲಾಡಿಸಿದ್ರೆ ಸಾಕು.

ಆದ ಮೇಲೆ

ಶೇವಿಂಗ್ ಮುಗಿದ ಮೇಲೆ ತಿರುಪನ್ನ ಅರ್ಧ ಸುತ್ತು ಸಡಿಲ ಮಾಡಿ, ನೀರಲ್ಲಿ ಚೆನ್ನಾಗಿ ತೊಳೆದು, ಜೋರಾಗಿ ಕೊಡವಿ. ಮುಚ್ಚಳಕ್ಕೂ ಬ್ಲೇಡಿಗೂ ಮಧ್ಯೆ ಕೂರೋ ನೀರೇ ರಾತ್ರಿಯೆಲ್ಲಾ ಕೆಲಸ ಮಾಡೋದು, ಸಡಿಲ ಮಾಡಿದ್ರೆ ಅದು ಹೊರಗೆ ಬರತ್ತೆ. ಟವೆಲ್ಲಿಂದ ಅಂಚನ್ನ ಒರೆಸ್ಬೇಡಿ, ಜಾರೋ ಲೇಪ ಅಲ್ಲೇ ಇರೋದು, ಕೈಗೂ ಅಪಾಯ. ಆಮೇಲೆ ರೇಜರನ್ನ ಬಾತ್‌ರೂಮಿಂದ ಆಚೆ, ಗಾಳಿ ಆಡೋ ಒಣ ಜಾಗದಲ್ಲಿ ಮಕ್ಕಳಿಗೆ ಎಟುಕದ ಹಾಗೆ ಇಡಿ. ತುಂಬಾ ತೇವ ಇರೋ ದಿನಗಳಲ್ಲಿ ಸ್ಪಿರಿಟ್ಟಲ್ಲಿ ಒಂದ್ಸಲ ಅದ್ದಿ ತೆಗೆದ್ರೆ ನೀರು ಬೇಗ ಆರತ್ತೆ, ವಾರಗಟ್ಟಲೆ ಬಳಸಲ್ಲ ಅಂದ್ರೆ ಒಂದು ಹನಿ ಎಣ್ಣೆ ಸವರಿ ಇಡಬಹುದು. ಬ್ಲೀಚಿಂಗ್ ನೀರಲ್ಲಿ ಮಾತ್ರ ಅದ್ದಬೇಡಿ, ಸ್ಟೇನ್‌ಲೆಸ್‌ನೂ ತಿಂದುಹಾಕತ್ತೆ.

ನೀರು ಗಡಸಾಗಿದ್ರೆ ರೇಜರಿನ ತಲೆ ಮೇಲೆ ಬಿಳೀ ಪದರ ಕೂರತ್ತೆ. ತಿಂಗಳಿಗೊಮ್ಮೆ ಬ್ಲೇಡು ತೆಗೆದಿಟ್ಟು, ವಿನಿಗರ್ ಬೆರೆಸಿದ ನೀರಲ್ಲಿ ಐದು ನಿಮಿಷ ಇಟ್ಟು ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ ತೊಳೀರಿ. ಅಲ್ಯೂಮಿನಿಯಂ ರೇಜರ್, ಲೇಪ ಎದ್ದಿರೋ ರೇಜರ್ ಆದ್ರೆ ಬರೀ ಸೋಪಿನ ನೀರು ಸಾಕು.

ಜೀನ್ಸ್ ಬಟ್ಟೆ ಮೇಲೆ ಉಲ್ಟಾ ಉಜ್ಜಿದ್ರೆ ಹರಿತ ಬರತ್ತೆ ಅಂತಾರೆ, ಹಿಂದೆ ಗಾಜಿನ ಲೋಟದ ಒಳಮೈಗೆ ಉಜ್ಜೋರೂ ಇದ್ರು, ಅದಕ್ಕೇ ಅಂತ ಗಾಜಿನ ಸಾಣೆಗಳನ್ನೂ ಮಾರ್ತಿದ್ರು. ಅವತ್ತಿನ ಲೇಪ ಇಲ್ಲದ ಬ್ಲೇಡಿಗೆ ಅದು ಸರಿ ಇರಬಹುದು. ಚಕ್ಕೆ ಎದ್ದ ಜಾಗವನ್ನ ಬಟ್ಟೆ ತುಂಬಲ್ಲ, ಈಗಿನ ಬ್ಲೇಡಿನ ಲೇಪ ಉಜ್ಜಿದಷ್ಟೂ ಹೋಗತ್ತೆ, ಹಂಗಾಗಿ ನಾನು ಉಜ್ಜಲ್ಲ. ಆ ಹೊತ್ತನ್ನ ಕೂದಲು ನೆನೆಸೋಕೆ ಕೊಟ್ರೆ ಜಾಸ್ತಿ ಲಾಭ.

ಎಷ್ಟು ಸಲ ಬಳಸಬಹುದು? ಒರಟು ಗಡ್ಡಕ್ಕೆ ಮೂರ್ನಾಲ್ಕು, ಮೆತ್ತಗಿನದಕ್ಕೆ ಏಳೆಂಟು, ಇದೆಲ್ಲಾ ಒಂದು ಅಂದಾಜು. ಕೆಲವು ಬ್ಲೇಡಿನ ನಾಲ್ಕು ಮೂಲೇಲಿ 1, 2, 3, 4 ಅಂತ ಅಂಕೆ ಅಚ್ಚಾಗಿರತ್ತೆ ನೋಡಿ, ಪ್ರತಿಸಲ ಹಾಕೋವಾಗ ಮುಂದಿನ ಅಂಕೆ ಒಂದೇ ಮೂಲೆಗೆ ಬರೋ ಹಾಗೆ ತಿರುಗಿಸಿ ಇಟ್ರೆ ಎಷ್ಟನೇ ಸಲ ಅಂತ ಲೆಕ್ಕ ಸಿಗತ್ತೆ. ಬ್ಲೇಡನ್ನ ಎತ್ತೋವಾಗ ಹರಿತ ಇಲ್ದಿರೋ ಎರಡು ಗಿಡ್ಡ ಅಂಚನ್ನೇ ಹಿಡೀರಿ. ಕೂದಲು ಕತ್ತರಿಸೋ ಬದ್ಲು ಜಗ್ಗೋಕೆ ಶುರು ಮಾಡಿದ್ರೆ, ಆದ್ಮೇಲೆ ಚರ್ಮ ಉರಿದ್ರೆ, ಅಂಕೆ ಎಷ್ಟೇ ಇರ್ಲಿ ಬದಲಾಯಿಸಿ. ಉಳಿಸ್ಬೇಕು ಅಂತ ಮೊಂಡು ಬ್ಲೇಡಲ್ಲಿ ಎಳೆದಾಡ್ಬೇಡಿ, ಮುಖಕ್ಕೆ ಗಾಯ ಮಾಡ್ಕೊಂಡು ಅದಕ್ಕೆ ಕ್ರೀಮು ಹುಡುಕೋದು ಉಳಿತಾಯ ಅಲ್ಲ. ಒಬ್ಬರ ಬ್ಲೇಡು ಇನ್ನೊಬ್ಬರು ಯಾವ ಕಾರಣಕ್ಕೂ ಬಳಸ್ಬಾರ್ದು, ಮನೆಯೋರೇ ಆದ್ರೂ ಸರಿ, ಹೆಪಟೈಟಿಸ್ ಬಿ, ಸಿ ಥರದ ರೋಗ ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ದಾಟತ್ತೆ.  ವಿಮಾನದಲ್ಲಿ ಹೋಗೋವಾಗ ಬಿಡಿ ಬ್ಲೇಡು ಕೈಚೀಲದಲ್ಲಿ ಇಡೋಕೆ ಬಿಡಲ್ಲ, ಚೆಕ್-ಇನ್ ಬ್ಯಾಗಲ್ಲಿ ಹಾಕಿ.

ಹಳೇ ಬ್ಲೇಡು ಎಲ್ಲಿ ಹಾಕೋದು

ತುಂಬಾ ವರ್ಷದ ಹಿಂದೆ ನಾನು ಒಂದು ಬಳಸಿದ ಬ್ಲೇಡನ್ನ ಅದರದೇ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ್ದೆ. ಕಾಗದ ನೆನೆದು ಬಿಚ್ಕೊಂಡಿತ್ತು. ಕಸ ತಗೊಂಡು ಹೋಗೋಕೆ ಬಂದಿದ್ದ ಅಣ್ಣ ಚೀಲದ ಕೆಳಗೆ ಕೈ ಕೊಟ್ಟು ಎತ್ತಿದ್ರು, ಕೆಳಗಿಟ್ರು, ಹೆಬ್ಬೆರಳಿನ ಬುಡದಿಂದ ರಕ್ತ ಇಳೀತಿತ್ತು. ಅವರು ಏನೂ ಅನ್ಲಿಲ್ಲ, ಕೈ ತೊಳೆಯೋಕೆ ಸ್ವಲ್ಪ ನೀರು ಕೇಳಿದ್ರು ಅಷ್ಟೇ. ನಾನೇ ಜೊತೇಲಿ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸ್ಕೊಂಡು ಬಂದೆ. ಅವತ್ತಿಂದ ಒಂದೇ ಒಂದು ಬ್ಲೇಡೂ ನಮ್ಮನೆ ಕಸದ ಬುಟ್ಟಿಗೆ ಬಿದ್ದಿಲ್ಲ.

ಬೇಕಾಗಿರೋದು ಒಂದು ತಗಡಿನ ಡಬ್ಬಿ, ಮುಚ್ಚಳ ಗಟ್ಟಿ ಇರೋದು. ಪ್ಲಾಸ್ಟಿಕ್ ಬೇಡ, ಡಬ್ಬಿಯೂ ಬ್ಲೇಡೂ ಎರಡೂ ಉಕ್ಕೇ ಆದ್ರೆ ಒಟ್ಟಿಗೇ ಕರಗಿಸಬಹುದು. ಮುಚ್ಚಳದ ಒಳಗಡೆಗೆ ಮರದ ತುಂಡು ಕೊಟ್ಟು, ಹಳೇ ಉಳಿ ಇಲ್ಲಾ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೇಲಿ ಎರಡು ಏಟು ಹಾಕಿ, ಬ್ಲೇಡಿನ ಗಿಡ್ಡ ಅಂಚು ತೂರೋ ಅಷ್ಟು ಉದ್ದದ ಸೀಳು ಮಾಡಿ, ಎರಡೂವರೆ ಸೆಂಟಿಮೀಟರ್ ಸಾಕು. ಸೀಳಿನ ಅಂಚನ್ನ ಒಳಗಡೆಗೆ ಬಡಿದು ಮಡಚಿ, ಬೆರಳಿಗೆ ತಾಗಬಾರ್ದು. ಆಮೇಲೆ ಮುಚ್ಚಳದ ಸುತ್ತ ಟೇಪು. ಹಾಕಿದ ಬ್ಲೇಡು ಟಿಣ್ ಅಂತ ಒಳಗೆ ಬೀಳತ್ತೆ, ತಿರುಗಿ ಬರಲ್ಲ. ಒಂದು ಸಾಧಾರಣ ಡಬ್ಬಿ ತುಂಬೋಕೆ ವರ್ಷಗಳೇ ಬೇಕು, ಮೂರು ಜನ ಇರೋ ಮನೇಲೂ.

ತುಂಬಿದ ಮೇಲೆ ಸೀಳಿನ ಮೇಲೂ ಟೇಪು ಅಂಟಿಸಿ, ಹಳೇ ಕಬ್ಬಿಣ ತಗೊಳ್ಳೋ ಗುಜರಿಯೋರ ಹತ್ರ, ಇಲ್ಲಾ ನಿಮ್ಮ ಕಡೆ ಲೋಹದ ಮರುಬಳಕೆ ಕೇಂದ್ರ ಇದ್ರೆ ಅಲ್ಲಿ, ಹರಿತ ಸಾಮಾನು ತಗೋತಾರಾ ಅಂತ ಮೊದಲೇ ಕೇಳಿ. ಬಿಡಿ ಬ್ಲೇಡು ಯಾರೂ ತಗೊಳ್ಳಲ್ಲ, ತಗೋಬಾರ್ದು ಕೂಡ, ಚಿಕ್ಕದಿರೋದ್ರಿಂದ ವಿಂಗಡಿಸೋ ಮಷೀನಿನ ಸಂದಿಗೆ ಬೀಳತ್ತೆ, ಇಲ್ಲಾಂದ್ರೆ ಅಲ್ಲಿ ಕೈಯಲ್ಲಿ ಆರಿಸೋರಿಗೆ ಚುಚ್ಚತ್ತೆ. ಮುಚ್ಚಿದ ಉಕ್ಕಿನ ಡಬ್ಬಿ ಆದ್ರೆ ಒಪ್ಕೊಳ್ಳೋ ಕಡೆ ಇವೆ. ಎಲ್ಲೂ ತಗೊಳ್ಳಲಿಲ್ಲ ಅಂದ್ರೂ ಪರವಾಗಿಲ್ಲ, ಡಬ್ಬಿ ಹಂಗೇ ಮುಚ್ಚಿದ ಸ್ಥಿತೀಲಿ ಒಣ ಕಸಕ್ಕೆ ಕೊಡೋದು ಬಿಡಿ ಬ್ಲೇಡಿಗಿಂತ ಸಾವಿರ ಪಾಲು ವಾಸಿ.

ಮುಗಿದ ಕಾರ್ಟ್ರಿಡ್ಜೂ ಹಂಗೇ ಇನ್ನೊಂದು ಡಬ್ಬೀಲಿ ಕೂಡಿಡಿ, ಕೆಲವು ಕಡೆ ಕಂಪನಿಯವರು ವಾಪಸ್ ತಗೊಳ್ಳೋ ವ್ಯವಸ್ಥೆ ಇರತ್ತೆ, ಇದ್ರೆ ಒಟ್ಟಿಗೆ ಕಳಿಸಬಹುದು. ಅದನ್ನ ಬ್ಲೇಡಿನ ಡಬ್ಬಿ ಜೊತೆ ಬೆರೆಸ್ಬೇಡಿ, ಪ್ಲಾಸ್ಟಿಕ್ ಸೇರಿದ್ರೆ ಗುಜರಿಯೋರು ಪೂರ್ತಿ ಡಬ್ಬೀನೇ ಬೇಡ ಅಂತಾರೆ.

ಕೊಡೋವಾಗ ಡಬ್ಬಿ ಮೇಲೆ ಮಾರ್ಕರಲ್ಲಿ ದೊಡ್ಡದಾಗಿ "ಬ್ಲೇಡು ಇದೆ, ತೆಗೀಬೇಡಿ" ಅಂತ ನಾಲ್ಕೂ ಕಡೆ ಬರೀರಿ, ಓದೋಕೆ ಬರದೇ ಇರೋರಿಗೆ ಅರ್ಥ ಆಗ್ಲಿ ಅಂತ ಒಂದು ಬ್ಲೇಡಿನ ಚಿತ್ರಾನೂ ಬಿಡಿಸಿ, ಮತ್ತೆ ಚೀಲದೊಳಗೆ ತುರುಕದೇ ಕೈಯಲ್ಲೇ ಕೊಟ್ಟು ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳಿ.